ದ್ರಾಕ್ಷಿಯ ಮದ್ಯವೂ ಜೋಳದ ರೊಟ್ಟಿಯೂ

ಯಾವ ಬೆಳೆಯೇ ಆಗಲಿ, ಅದರ ನಿಜವಾದ ಬೆಲೆಯು ಹೊಲದಲ್ಲಿ ಗೊತ್ತಾಗುವದಿಲ್ಲ. ಪೇಟೆಯಲ್ಲಿ ಸಹ ಪೂರ್ಣವಾಗಿ ಗೊತ್ತಾಗುವದಿಲ್ಲ. ಉಣ್ಣುವವರ ತಾಟಿನಲ್ಲಿ ಗೊತ್ತಾಗುತ್ತದೆ. ಹುನಗುಂದದ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳವು ತಲೆತಲಾಂತರದಿಂದ ನೆಲೆಯೂರಿ ನಿಂತಿರುವದಕ್ಕೆ ಆ ಮಣ್ಣು ಒಂದು ಕಾರಣವಾದರೆ, ಎರಡು ಹೊತ್ತು ರೊಟ್ಟಿಯನ್ನು ಬೇಡುವ ಮನೆಗಳು ಆ ಹೊಲಗಳ ಸುತ್ತಲೂ ಇರುವದು ಇನ್ನೊಂದು ಕಾರಣವು. ಉಣ್ಣುವವರು ಹತ್ತಿರವಿದ್ದ ಬೆಳೆಗೆ ಒಂದು ವರ್ಷ ಬೆಲೆ ಕುಸಿದರೂ ಮರುವರ್ಷ ಆಸರೆ ದೊರೆಯುವದು. ಉಣ್ಣುವವರು ಯಾರೆಂಬದೇ ತಿಳಿಯದ ಬೆಳೆಯನ್ನು ಹಾಕಿದ ರೈತನು ಮಾತ್ರ ಪರರ ಮರ್ಜಿಯ ಮೇಲೆ ಬದುಕಬೇಕಾಗುವದು.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಕರ್ನಾಟಕ ಸರಕಾರವು ೨೦೦೭ರಲ್ಲಿ ದ್ರಾಕ್ಷಿ ಸಂಸ್ಕರಣ ಹಾಗೂ ವೈನು ನೀತಿಯನ್ನು ಹೊರಡಿಸಿ, ಅದಕ್ಕಾಗಿ ಒಂದು ಮಂಡಳಿಯನ್ನೂ ಸ್ಥಾಪಿಸಿತು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ದ್ರಾಕ್ಷಿಯ ಸೀಮೆಗೆ ಕೃಷ್ಣಾ ಕಣಿವೆ ಎಂಬ ಹೆಸರು ಅಂದಿನಿಂದ ವಾಡಿಕೆಗೆ ಬಂದಿತು. ಹುನಗುಂದದ ಕಡೆಗೆ ರಾಮಥಾಳ ಯೋಜನೆಯ ಮೂಲಕ ಸುಮಾರು ೨೪,೦೦೦ ಹೆಕ್ಟೇರ ಭೂಮಿಗೆ ಹನಿ ನೀರಾವರಿಯನ್ನು ಒದಗಿಸುವ ಕಾರ್ಯವು ಕೈಕೊಳ್ಳಲ್ಪಟ್ಟ ಮೇಲಂತೂ, ಒಣಬೇಸಾಯದವರು ಸಹ ಹಣ್ಣಿನ ಬೆಳೆಗಳ ಕಡೆಗೆ ಕಣ್ಣು ಹೊರಳಿಸಿದ್ದಾರೆ. ಇಂಥ ಹೊತ್ತಿನಲ್ಲಿ, ವೈನಿನ ದ್ರಾಕ್ಷಿಯನ್ನು ಹಚ್ಚಬೇಕೋ ಬೇಡವೋ ಎಂಬ ಪ್ರಶ್ನೆಯು ಅನೇಕರ ಮುಂದೆ ಇದೆ. ಇದಕ್ಕೆ ಉತ್ತರ ಹೇಳುವವರು ಮಣ್ಣು, ನೀರು, ರೋಗ, ಸಾಲ ಇವುಗಳ ಲೆಕ್ಕವನ್ನು ಹೇಳುತ್ತಾರೆ. ಆ ಮದ್ಯವನ್ನು ಯಾವ ಊಟದೊಡನೆ ಯಾರು ಸೇವಿಸುವರು ಎಂಬದನ್ನು ಮಾತ್ರ ಯಾರೂ ಕೇಳುವದಿಲ್ಲ. ಕೇಳದೆ ಬಿಟ್ಟ ಈ ಪ್ರಶ್ನೆಯಲ್ಲಿಯೇ ರೈತನ ಹಿತಾಹಿತವು ಅಡಗಿದೆ.

ದ್ರಾಕ್ಷಿಯ ಮದ್ಯದ ವಿಷಯದಲ್ಲಿ ಫ್ರಾನ್ಸ ದೇಶದ ಹೆಸರು ಮೊದಲು ಬರುತ್ತದೆ. ಆ ದೇಶದ ನಟ್ಟನಡುವೆ ಲ್ವಾರ್ ನದಿಯ ಎಡದಂಡೆಯ ಗುಡ್ಡಗಳ ಮೇಲೆ ಸಾನ್ಸೇರ್ ಎಂಬ ಪಟ್ಟಣವಿದ್ದು, ಅದರ ಮಗ್ಗುಲಲ್ಲಿಯೇ ಶಾವಿನ್ಯೋಲ್ ಎಂಬ ಸಣ್ಣ ಹಳ್ಳಿಯಿದೆ. ಸುಣ್ಣದ ಕಲ್ಲಿನ ಇಳಿಜಾರುಗಳಲ್ಲಿ ಅಲ್ಲಿನವರು ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿಯ ದ್ರಾಕ್ಷಿಯನ್ನೂ ಪಿನೋ ನ್ವಾರ್ ಎಂಬ ಕರಿಯ ದ್ರಾಕ್ಷಿಯನ್ನೂ ಬೆಳೆಯುತ್ತಾರೆ. ಆನ್ರಿ ಬೂರ್ಜ್ವಾ ಎಂಬ ಹೆಸರಿನ ಮದ್ಯಶಾಲೆಯು ಆ ಹಳ್ಳಿಯದು. ಒಂದೇ ಮನೆತನದವರು ಹಲವು ತಲೆಮಾರುಗಳಿಂದ ಅಲ್ಲಿ ದ್ರಾಕ್ಷಿಯನ್ನು ಬೆಳೆದು ಮದ್ಯವನ್ನು ಮಾಡುತ್ತ ಬಂದಿದ್ದಾರೆ. ಅವರ ಬಿಳಿಯ ಮದ್ಯದೊಡನೆ ಏನನ್ನು ತಿನ್ನಬೇಕೆಂದು ಆ ಊರಿನಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರವು ಒಂದೇ: ಶಾವಿನ್ಯೋಲದ ಆಡಿನ ಹಾಲಿನ ಗಿಣ್ಣ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ, ದುಂಡಗಿನ ಈ ಗಿಣ್ಣವು ಚೀಸು ಎಂಬ ಜಾತಿಯದು. ಹಾಲನ್ನು ಹೆಪ್ಪುಗಟ್ಟಿಸಿ, ನೀರು ಬಸಿದು, ಉಪ್ಪು ಸವರಿ, ಒಣಗಿಸಿ ಅದನ್ನು ಮಾಡುವರು. ಬಳ್ಳಿಯ ತೋಟದ ಮನೆಗಳಲ್ಲಿ ಸಾಕಿದ ಆಡುಗಳ ಹಾಲೇ ಅದಕ್ಕೆ ಮೂಲವಾಗಿತ್ತು. ಗಂಡಸರು ಬಳ್ಳಿಯನ್ನು ನೋಡಿಕೊಂಡರೆ, ಆಡಿನ ಹಾಲೂ ಗಿಣ್ಣವೂ ಮನೆಯ ಹೆಂಗಸರ ಕೆಲಸವಾಗಿದ್ದವು. ಒಂದೇ ಮನೆಯ ಎರಡು ಹುಟ್ಟುವಳಿಗಳು ಒಂದೇ ತಾಟಿನಲ್ಲಿ ಕೂಡಿದವು.

ಇದು ಬರಿಯ ರೂಢಿಯ ಮಾತಲ್ಲ. ಇದಕ್ಕೆ ಕಾರಣವೂ ಉಂಟು. ಆ ತಂಪು ಸೀಮೆಯ ಬಿಳಿಯ ಮದ್ಯದಲ್ಲಿ ಹುಳಿಯು ಹೆಚ್ಚು. ಆಡಿನ ಗಿಣ್ಣದಲ್ಲಿಯೂ ಹುಳಿಯುಂಟು. ಅದರೊಡನೆ ಉಪ್ಪೂ ಜಿಡ್ಡೂ ಉಂಟು. ಹುಳಿಯ ಪದಾರ್ಥದೊಡನೆ ಅದಕ್ಕಿಂತ ಕಡಿಮೆ ಹುಳಿಯ ಮದ್ಯವನ್ನು ಕುಡಿದರೆ ಮದ್ಯವು ಸಪ್ಪೆಯೆನಿಸುವದು. ಸಮವಾದ ಹುಳಿಯುಳ್ಳದ್ದನ್ನು ಕುಡಿದರೆ ಎರಡೂ ಹದವಾಗಿ ತೋರುವವು. ನಾಲಿಗೆಯ ಮೇಲೆ ಕೂತ ಜಿಡ್ಡನ್ನು ಹುಳಿಯು ತೊಳೆಯುವದು. ಉಪ್ಪು ಮದ್ಯದ ಹುಳಿಯನ್ನು ಸೌಮ್ಯಗೊಳಿಸುವದು. ಮಜ್ಜಿಗೆಗೆ ಉಪ್ಪು ಹಾಕುವ ಮನೆಯವರಿಗೆ ಇದನ್ನು ಬೇರೆಯಾಗಿ ತಿಳಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಅದೇ ಮದ್ಯಶಾಲೆಯ ಪಿನೋ ನ್ವಾರಿನ ಕೆಂಪು ಮದ್ಯವು ತೆಳ್ಳಗಿದ್ದು ಒಗರು ಕಡಿಮೆಯಿರುವದರಿಂದ, ಅದಕ್ಕೆ ಕೋಳಿಯಂಥ ಮೃದುವಾದ ಮಾಂಸವನ್ನು ಜೊತೆಮಾಡುತ್ತಾರೆ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಇದೇ ಮನೆತನದವರು ನ್ಯೂಜಿಲೆಂಡಿನ ಮಾರ್ಲ್‌ಬರೋ ಸೀಮೆಯಲ್ಲಿ ಭೂಮಿಯನ್ನು ಕೊಂಡು ಅದೇ ಜಾತಿಯ ಬಳ್ಳಿಗಳನ್ನು ಹಚ್ಚಿದರು. ಬಳ್ಳಿಯ ಜಾತಿಯು ಒಂದೇ, ಮಾಡುವ ಕೈಯೂ ಒಂದೇ. ಆದರೂ ಅಲ್ಲಿಯ ಮದ್ಯಕ್ಕೆ ಸಾನ್ಸೇರ್ ಎಂಬ ಹೆಸರನ್ನು ಅವರು ಇಡಲಿಲ್ಲ, ಇಡಲು ಬರುವಂತೆಯೂ ಇರಲಿಲ್ಲ. ಬಳ್ಳಿಯನ್ನು ಹಡಗಿನಲ್ಲಿ ಒಯ್ಯಬಹುದು, ಊರನ್ನು ಒಯ್ಯಲಾಗದು. ಕೃಷ್ಣಾ ಕಣಿವೆಯವರು ಫ್ರಾನ್ಸದಿಂದ ಕಲಿಯತಕ್ಕ ಮೊದಲನೆಯ ಪಾಠವು ಇದೇ.

ಈ ಪಾಠವನ್ನು ಫ್ರಾನ್ಸದವರು ಸಹ ಸುಖವಾಗಿ ಕಲಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೇರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಆ ದೇಶದ ಬಹುತೇಕ ತೋಟಗಳನ್ನು ಹಾಳುಮಾಡಿತು. ಅಮೇರಿಕದ ಕಾಡುಬಳ್ಳಿಯ ಬೇರಿಗೆ ಫ್ರಾನ್ಸದ ಬಳ್ಳಿಯನ್ನು ಕಸಿಮಾಡಿ ತೋಟಗಳನ್ನು ಮರಳಿ ಎಬ್ಬಿಸಿದರು. ಕೃಷ್ಣೆಯ ಬಯಲಿನಲ್ಲಿ ಇಂದು ಬರ ಮತ್ತು ಸವುಳು ತಡೆಯುವ ಸಲುವಾಗಿ ಡಾಗ್ರಿಜ್ ಬೇರಿನ ಮೇಲೆ ಕಸಿಕಟ್ಟುವ ಪದ್ಧತಿಯು ಅದೇ ವಿದ್ಯೆಯ ಮುಂದಿನ ಕೊಂಡಿಯು. ತೋಟಗಳು ಮರಳಿ ಎದ್ದವು. ಆದರೆ ದಕ್ಷಿಣ ಫ್ರಾನ್ಸದಲ್ಲಿ ಹೆಸರಿಲ್ಲದ ಅಗ್ಗದ ಮದ್ಯವು ಹೊಳೆಯಾಗಿ ಹರಿಯಿತು, ಕಲಬೆರಕೆಯೂ ಸೇರಿತು, ಬೆಲೆಯು ನೆಲ ಕಚ್ಚಿತು. ೧೯೦೭ರಲ್ಲಿ ಅಲ್ಲಿನ ದ್ರಾಕ್ಷಿಗಾರರು ಲಕ್ಷಗಟ್ಟಲೆ ಬೀದಿಗಿಳಿದರು. ಸೈನ್ಯವು ಗುಂಡು ಹಾರಿಸಿ ಜೀವಹಾನಿಯೂ ಆಯಿತು. ಕೊನೆಗೆ ೧೯೩೫ರ ಕಾನೂನಿನಿಂದ, ಯಾವ ಊರಿನ ಹೆಸರಿನಲ್ಲಿ ಯಾವ ಜಾತಿಯ ಹಣ್ಣಿನಿಂದ ಎಷ್ಟು ಮದ್ಯವನ್ನು ಮಾಡಬೇಕೆಂಬ ಕಟ್ಟಳೆಯು ಹುಟ್ಟಿತು. ಸಾನ್ಸೇರಿನ ಬಿಳಿಯ ಮದ್ಯಕ್ಕೆ ೧೯೩೬ರಲ್ಲಿ ಆ ಮನ್ನಣೆಯು ದೊರೆಯಿತು. ಶಾವಿನ್ಯೋಲದ ಗಿಣ್ಣಕ್ಕೆ ೧೯೭೬ರಲ್ಲಿ ಅದೇ ಬಗೆಯ ಮನ್ನಣೆಯು ದೊರೆಯಿತು. ಮದ್ಯಕ್ಕೆ ಕೊಟ್ಟ ಮಾನವನ್ನು ಅದರ ಜೊತೆಯ ಆಹಾರಕ್ಕೂ ಕೊಟ್ಟದ್ದು ಗಮನಿಸತಕ್ಕ ಸಂಗತಿಯು.

ಇನ್ನು ಬಾಗಲಕೋಟೆಯ ಸೀಮೆಯನ್ನು ನೋಡುವಾ. ಬಾಗಲಕೋಟೆಯ ಸುತ್ತಲೂ ಸುಣ್ಣಕಲ್ಲು ಸಾಕಷ್ಟು ಇದೆ. ಸಿಮೆಂಟಿನ ಕಾರಖಾನೆಗಳು ಅದನ್ನು ನೆಚ್ಚಿಯೇ ನಡೆದಿವೆ. ಬಾದಾಮಿಯದು ಕೆಂಪು ಮರಳುಗಲ್ಲು. ಇಳಕಲ್ಲಿನದು ಕೆಂಪು ಕಣಶಿಲೆ. ಹುನಗುಂದದ ಬಯಲು ಎರೆಯದು. ಸಾನ್ಸೇರಿನಲ್ಲಿ ಸುಣ್ಣಕಲ್ಲು ಇದೆ, ಇಲ್ಲಿಯೂ ಇದೆ, ಆದದರಿಂದ ಅಲ್ಲಿಯ ಮದ್ಯವು ಇಲ್ಲಿಯೂ ಆಗುವದೆಂದು ತರ್ಕಿಸುವದು ತಪ್ಪಾಗುವದು. ಸಾನ್ಸೇರ್ ೪೭ನೆಯ ಅಕ್ಷಾಂಶದಲ್ಲಿದೆ. ಬಾಗಲಕೋಟೆ ೧೬ನೆಯ ಅಕ್ಷಾಂಶದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿಯು ಎಲೆಯುದುರಿಸಿ ಮಲಗುವದು. ವರ್ಷಕ್ಕೆ ಒಂದೇ ಸಲ ಸವರುವರು. ಬೇಸಿಗೆ ಮುಗಿದು ತಂಪು ಬರುವಾಗ ಹಣ್ಣು ಕೊಯ್ಯುವರು. ಇಲ್ಲಿ ಬಳ್ಳಿಯು ಮಲಗುವದೇ ಇಲ್ಲ. ಏಪ್ರಿಲದಲ್ಲಿ ಒಂದು ಚಾಟ್ನಿ ಮಾಡಿ ಕಡ್ಡಿಯನ್ನು ಬೆಳೆಸಬೇಕು. ಅಕ್ಟೋಬರದಲ್ಲಿ ಇನ್ನೊಂದು ಚಾಟ್ನಿ ಮಾಡಿ ಹಣ್ಣನ್ನು ಪಡೆಯಬೇಕು. ಫೆಬ್ರುವರಿ ಮಾರ್ಚದಲ್ಲಿ, ಬಿಸಿಲು ಏರುತ್ತಿರುವಾಗಲೇ ಕೊಯ್ಲು ಬರುವದು.

ಇದರ ಪರಿಣಾಮವು ಹಣ್ಣಿನ ರಸದಲ್ಲಿ ಕಾಣುವದು. ಬಿಸಿಲಿಗೆ ಹಣ್ಣಿನ ಸಕ್ಕರೆಯು ಬೇಗ ಏರುತ್ತದೆ. ಹುಳಿಯು ಬೇಗ ಕರಗುತ್ತದೆ. ಪ್ರತಿ ಲೀಟರ ರಸದಲ್ಲಿ ಸುಮಾರು ೧೭ ಗ್ರಾಮ ಸಕ್ಕರೆಯು ಹುದುಗಿದಾಗ ಮದ್ಯಸಾರವು ನೂರಕ್ಕೆ ಒಂದು ಅಂಶದಂತೆ ಹೆಚ್ಚುವದು. ಆದದರಿಂದ ಹಣ್ಣನ್ನು ಬಳ್ಳಿಯಲ್ಲಿಯೇ ಬಹಳ ದಿವಸ ಬಿಟ್ಟರೆ ಮದ್ಯವು ತೀಕ್ಷ್ಣವೂ ಹುಳಿಯಿಲ್ಲದ್ದೂ ಆಗುವದು. ರಾತ್ರಿಯಲ್ಲಿ ಇಲ್ಲವೆ ನಸುಕಿನಲ್ಲಿ ಕೊಯ್ಯುವದು, ಹುಳಿಯು ಇರುವಾಗಲೇ ಕೊಯ್ಯುವದು, ಬಿಸಿಲಿನಲ್ಲಿಯೂ ಹುಳಿಯನ್ನು ಉಳಿಸಿಕೊಳ್ಳುವ ಶೆನಿನ್ ಬ್ಲಾಂಕಿನಂಥ ಜಾತಿಯನ್ನು ಆರಿಸುವದು, ಇವು ಈ ಸೀಮೆಗೆ ಒಪ್ಪುವ ಉಪಾಯಗಳು. ಶೆನಿನ್ ಸಹ ಲ್ವಾರ್ ನದಿಯ ದಂಡೆಯದೇ. ಆದರೆ ಬಿಸಿಲಿನ ನಾಡುಗಳಲ್ಲಿ ಅದು ಚೆನ್ನಾಗಿ ಹೊಂದಿಕೊಂಡಿದೆ.

ಇಂಥ ಹಣ್ಣಿನ ಮದ್ಯಕ್ಕೆ ಈ ಸೀಮೆಯ ಊಟದಲ್ಲಿ ಸ್ಥಾನವುಂಟೋ ಎಂದು ಪರೀಕ್ಷಿಸಬೇಕಾದರೆ, ಮೊದಲು ಊಟವನ್ನು ತಿಳಿಯಬೇಕು. ಬಾದಾಮಿಯ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿಗಳನ್ನೂ ಮಣ್ಣಿನ ಕುಡಿಕೆಯಲ್ಲಿ ಮೊಸರನ್ನೂ ತಂದು ಯಾತ್ರಿಕರಿಗೆ ಉಣಬಡಿಸುವದನ್ನು ಕಂಡವರಿಗೆ ಈ ಸೀಮೆಯ ಅಡಿಗೆಯ ಸಾರವೆಲ್ಲ ಒಂದೇ ನೋಟಕ್ಕೆ ತಿಳಿಯುವದು. ಕ್ಷೇತ್ರದಲ್ಲಿ ಮದ್ಯದ ಮಾತು ಸಲ್ಲದು. ಅಡಿಗೆಯ ಗುಣವನ್ನು ತಿಳಿಯುವದಕ್ಕಾಗಿ ಮಾತ್ರ ಆ ಬುಟ್ಟಿಯ ಉದಾಹರಣೆಯು. ಕಲ್ಯಾಣದ ಚಾಲುಕ್ಯರ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಕ್ಕೂ ಪಾನೀಯಕ್ಕೂ ಬೇರೆಬೇರೆ ಪ್ರಕರಣಗಳನ್ನು ಇಟ್ಟಿದ್ದಾನೆ. ಆದದರಿಂದ ಉಣ್ಣುವದನ್ನೂ ಕುಡಿಯುವದನ್ನೂ ಶಾಸ್ತ್ರವಾಗಿ ವಿಚಾರಿಸುವದು ಈ ನಾಡಿಗೆ ಹೊಸದಲ್ಲ.

ಷಡ್ರಸಗಳೆಂಬ ಅಳತೆಗೋಲು ಈ ಪರೀಕ್ಷೆಗೆ ಸಾಕು. ಜೋಳದ ರೊಟ್ಟಿಯದು ಸೌಮ್ಯವಾದ ರುಚಿಯು; ಫ್ರಾನ್ಸದವರ ಊಟದಲ್ಲಿ ಬ್ರೆಡ್ಡಿಗೆ ಇರುವ ಸ್ಥಾನವೇ ಇದಕ್ಕೂ ಸಲ್ಲುವದು; ಯಾವ ಮದ್ಯಕ್ಕೂ ಇದು ಅಡ್ಡಿ ಮಾಡದು. ಕಷ್ಟವಿರುವದು ರೊಟ್ಟಿಯ ಜೊತೆಗಾರರಲ್ಲಿ. ಬದನೆಯ ಎಣಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳುಗಳ ಎಣ್ಣೆಯ ಜಿಡ್ಡೂ, ಹುಣಸೆಯ ಹುಳಿಯೂ, ಬೆಲ್ಲದ ಸಿಹಿಯೂ, ಖಾರವೂ ಕೂಡಿರುತ್ತವೆ. ಇದಕ್ಕೆ ಹುಳಿಯುಳ್ಳ, ತುಸು ಸಿಹಿಯನ್ನು ಉಳಿಸಿಕೊಂಡ ಬಿಳಿಯ ಮದ್ಯವು ಹೊಂದುವದು: ಹುಳಿಯು ಜಿಡ್ಡನ್ನು ತೊಳೆಯುವದು, ಸಿಹಿಯು ಖಾರವನ್ನು ತಣಿಸುವದು. ಝುಣಕ, ಮಡಿಕೆಕಾಳಿನ ಪಲ್ಯ, ಶೇಂಗಾದ ಚಟ್ನಿ ಇವುಗಳಿಗೂ ಇದೇ ನ್ಯಾಯವು. ಹಸಿಯ ಮೆಂತೆಸೊಪ್ಪಿನ ಕಹಿಯು ಮಾತ್ರ ಒಗರು ಮದ್ಯದೊಡನೆ ಕೂಡಿದರೆ ಇಮ್ಮಡಿಯಾಗುವದು. ಕೆಂಪು ಖಾರವೆಂದು ಹೆಸರಾದ ರಂಜಕವನ್ನು ನೆಕ್ಕಿದವನಿಗೆ ಹದಿನಾಲ್ಕು ಅಂಶ ಮದ್ಯಸಾರದ ಒಗರಾದ ಕೆಂಪು ಮದ್ಯವನ್ನು ಕೊಟ್ಟರೆ ಬಾಯಿಯಲ್ಲಿ ಬೆಂಕಿಯೇ ಏಳುವದು. ಮದ್ಯಸಾರವು ಖಾರದ ಉರಿಯನ್ನು ಹೆಚ್ಚಿಸುವದು, ಒಗರು ಅದಕ್ಕೆ ಒತ್ತು ಕೊಡುವದು. ರಂಜಕಕ್ಕೆ ನಿಜವಾದ ಜೊತೆಯು ಮೊಸರೇ. ಅಲ್ಲಿ ಮದ್ಯವು ಸೋಲನ್ನು ಒಪ್ಪಿಕೊಳ್ಳುವದು ಲೇಸು.

ಮಾಂಸಾಹಾರಿಗಳ ಮಾತು ಬೇರೆ. ಹುನಗುಂದ ಸೀಮೆಯ ಅಮೀನಗಡದ ಕುರಿಸಂತೆಯು ಸುತ್ತಣ ಜಿಲ್ಲೆಗಳಿಗೆಲ್ಲ ಪರಿಚಿತವಾದದ್ದು. ಮಾಂಸದ ಕೊಬ್ಬೂ ಉಪ್ಪೂ ಕೆಂಪು ಮದ್ಯದ ಒಗರನ್ನು ಮೃದುಗೊಳಿಸುವದರಿಂದ, ಖಾರವನ್ನು ಹದದಲ್ಲಿಟ್ಟು ಬೇಯಿಸಿದ ಕುರಿಯ ಮಾಂಸಕ್ಕೆ ಶಿರಾಜಿನಂಥ ಕರಿಯ ದ್ರಾಕ್ಷಿಯ ಮದ್ಯವು ಒಪ್ಪುವದು; ಒಗರು ತೀರ ಹೆಚ್ಚಾಗಿರಬಾರದಷ್ಟೆ. ಅದೇ ಅಮೀನಗಡದ ಕರದಂಟು ಇನ್ನೊಂದು ಪಾಠವನ್ನು ಕಲಿಸುವದು. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಒಣದ್ರಾಕ್ಷಿಗಳ ಈ ಉಂಡೆಯನ್ನು ತಿಂದ ಮೇಲೆ ಸಿಹಿಯಿಲ್ಲದ ಮದ್ಯವನ್ನು ಕುಡಿದರೆ ಅದು ಹುಳಿಹೆಂಡದಂತೆ ತೋರುವದು. ಸಿಹಿ ತಿನಿಸಿನ ಜೊತೆಗೆ ಕೊಡುವ ಮದ್ಯವು ಆ ತಿನಿಸಿನಷ್ಟಾದರೂ ಸಿಹಿಯಾಗಿರಬೇಕು ಎಂಬದು ಎಲ್ಲ ದೇಶದವರೂ ಒಪ್ಪಿದ ನಿಯಮವು. ಇನ್ನೊಂದು ಮಾತು: ಕೆಂಪು ಮದ್ಯವನ್ನು ಕೋಣೆಯ ಉಷ್ಣತೆಯಲ್ಲಿಯೇ ಕೊಡಬೇಕೆಂದು ಫ್ರಾನ್ಸದ ಪುಸ್ತಕಗಳು ಹೇಳುತ್ತವೆ. ಅವರ ಕೋಣೆಯು ಹದಿನಾರು ಹದಿನೆಂಟು ಅಂಶದ್ದು. ಬಾಗಲಕೋಟೆಯ ಏಪ್ರಿಲದ ಕೋಣೆಯಲ್ಲಿ ಅದೇ ಮಾತನ್ನು ಅನುಸರಿಸಿದರೆ ಮದ್ಯವು ಕಷಾಯವಾಗುವದು.

ಇಷ್ಟೆಲ್ಲ ಹೇಳುವದರ ಉದ್ದೇಶವು ಯಾರನ್ನೂ ಕುಡಿಯಲು ಹುರಿದುಂಬಿಸುವದಲ್ಲ. ಇಲ್ಲಿಯ ಹಣ್ಣಿನಿಂದ ಎಂಥ ಮದ್ಯವು ಆಗಬೇಕೆಂಬದನ್ನು ಇಲ್ಲಿಯ ಊಟವೇ ತೋರಿಸುತ್ತದೆ ಎಂಬದೇ ಇದರ ತಾತ್ಪರ್ಯವು. ಹುಳಿಯುಳ್ಳ, ಮದ್ಯಸಾರವು ಮಿತವಾಗಿರುವ, ಅಲ್ಪ ಸಿಹಿಯ, ತಂಪಾಗಿ ಕೊಡತಕ್ಕ ಬಿಳಿಯ ಮದ್ಯವು ಈ ಊಟದ ಬೇಡಿಕೆಯು. ಇಲ್ಲಿಯ ಬಿಸಿಲಿಗೆ ಬೇಗ ಕೊಯ್ದ ಶೆನಿನ್ ದ್ರಾಕ್ಷಿಯಿಂದ ಅದು ಸಾಧ್ಯವೂ ಉಂಟು. ಆದರೆ ಪೇಟೆಯಲ್ಲಿ ಹೆಸರು ಗಳಿಸುವ ಆಸೆಯಿಂದ ಮದ್ಯಶಾಲೆಗಳವರು ಹೆಚ್ಚಾಗಿ ಬಯಸುವದು ಬೋರ್ಡೋ ಸೀಮೆಯ ಕ್ಯಾಬರ್ನೆ ಸೋವಿನ್ಯೋನಿನ ಒಗರಾದ ಕೆಂಪು ಮದ್ಯವನ್ನು. ಅದರೊಡನೆ ತಿನ್ನಬೇಕೆಂದು ಸೂಚಿಸುವದು ಪರದೇಶದ ಗಿಣ್ಣವನ್ನೂ ಸುಟ್ಟ ಮಾಂಸವನ್ನೂ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಲು ದೂರದಿಂದ ಬಂದ ಪ್ರವಾಸಿಕರು ಅಂಥ ಊಟವನ್ನು ತಮ್ಮ ಊರಿನಲ್ಲಿಯೇ ಉಂಡಿರುತ್ತಾರೆ. ಪಟ್ಟದಕಲ್ಲು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದ್ದು ಬೇರೆಡೆಯಲ್ಲಿ ಕಾಣದ ಶಿಲ್ಪದಿಂದ. ಊಟದಲ್ಲಿಯೂ ಅವರು ಬೇರೆಡೆ ಸಿಕ್ಕದ್ದನ್ನೇ ಹುಡುಕುವರು.

ಇಳಕಲ್ಲಿನ ನೇಕಾರರಿಗೆ ಈ ತತ್ತ್ವವು ಮೊದಲಿನಿಂದಲೂ ಗೊತ್ತು. ಇಳಕಲ್ಲ ಸೀರೆಯ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆಬೇರೆಯಾಗಿದ್ದು, ಅವೆರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಅರಿವೆಯೊಂದನ್ನು, ಸೆರಗು ರೇಶಿಮೆಯೊಂದನ್ನು ಹೇಳಿದರೂ ಕೊಂಡಿಯು ಗಟ್ಟಿಯಾಗಿದ್ದರೆ ಸೀರೆಯು ಒಂದೇ ಆಗುವದು. ಆ ಹೆಣಿಗೆಯ ಸಲುವಾಗಿಯೇ ಆ ಸೀರೆಗೆ ಊರಿನ ಹೆಸರು ನಿಂತಿತು, ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆಯಿತು. ಮದ್ಯವು ಸೆರಗು, ಊಟವು ಒಡಲು. ಇವೆರಡಕ್ಕೂ ಕೊಂಡಿ ಬೀಳದಿದ್ದರೆ ಕೃಷ್ಣಾ ಕಣಿವೆ ಎಂಬ ಹೆಸರು ಶೀಸೆಯ ಮೇಲಿನ ಕಾಗದದಲ್ಲಿ ಮಾತ್ರ ಉಳಿಯುವದು.

ಹೆಸರು ನಿಲ್ಲದಿದ್ದರೆ ನಷ್ಟವು ಯಾರದು? ಈ ಪ್ರಶ್ನೆಗೆ ಬಂದಾಗ ವಿಷಯವು ರುಚಿಯ ಮಾತನ್ನು ಬಿಟ್ಟು ಹೊಟ್ಟೆಯ ಮಾತಾಗುವದು. ಜಮಖಂಡಿಯ ಕಡೆಗೆ ಹೆಚ್ಚಾಗಿರುವ ತಾಮ್ಸನ್ ಎಂಬ ಬೀಜರಹಿತ ದ್ರಾಕ್ಷಿಗೆ ಮೂರು ಬಾಗಿಲುಗಳುಂಟು: ಹಸಿಯ ಹಣ್ಣಾಗಿ ಮಾರಬಹುದು, ಬೆಲೆ ಬೀಳುವಂತೆ ಕಂಡರೆ ಪೊಟ್ಯಾಸಿಯಮ್ ಕಾರ್ಬೊನೇಟು, ಎಣ್ಣೆಗಳ ದ್ರಾವಣದಲ್ಲಿ ಅದ್ದಿ ನೆರಳಿನ ಅಟ್ಟಗಳ ಮೇಲೆ ಹದಿನೈದು ದಿವಸ ಒಣಗಿಸಿ, ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋದಂತೆ ಒಣದ್ರಾಕ್ಷಿಯನ್ನು ಮಾಡಿ ತಂಪು ಗೋದಾಮಿನಲ್ಲಿ ಇಡಬಹುದು, ರಸವನ್ನು ತೆಗೆಯಬಹುದು. ವೈನಿನ ದ್ರಾಕ್ಷಿಗೆ ಇರುವದು ಒಂದೇ ಬಾಗಿಲು. ಅದರ ಕಾಳು ಸಣ್ಣದು, ತೊಗಲು ದಪ್ಪ, ಒಳಗೆ ಬೀಜ. ಸಂತೆಯಲ್ಲಿ ಅದನ್ನು ಯಾರೂ ಕೊಳ್ಳರು; ಬೀಜದ ಒಣದ್ರಾಕ್ಷಿಯನ್ನು ಯಾರೂ ಕೇಳರು. ಒಂದು ಶೀಸೆಗೆ ಒಂದು ಕಿಲೋಕ್ಕಿಂತ ತುಸು ಹೆಚ್ಚು ಹಣ್ಣು ಸಾಕು; ಆದದರಿಂದ ಶೀಸೆಯ ಬೆಲೆಯನ್ನು ಕೇಳಿ ಹಣ್ಣಿನ ಬೆಲೆಯನ್ನು ಊಹಿಸುವದು ಮೋಸವು. ಮದ್ಯಶಾಲೆಯವನು ಬಾರದ ವರ್ಷ ಹಣ್ಣು ಬಳ್ಳಿಯಲ್ಲಿಯೇ ಒಣಗುವದು. ಕಂಬ, ತಂತಿ, ಕಸಿ, ಹನಿಯ ಕೊಳವೆಗಳಿಗಾಗಿ ಮಾಡಿದ ಸಾಲವು ಮಾತ್ರ ಒಣಗದು.

ಇದು ಬರಿಯ ಭಯವಲ್ಲ. ಮಹಾರಾಷ್ಟ್ರದಲ್ಲಿ ೨೦೦೧ರ ನೀತಿಯ ತರುವಾಯ ನಾಸಿಕದ ಸುತ್ತಲೂ ಮದ್ಯಶಾಲೆಗಳು ಬೇಗಬೇಗನೆ ಎದ್ದವು. ರೈತರು ವೈನಿನ ದ್ರಾಕ್ಷಿಯನ್ನು ಉತ್ಸಾಹದಿಂದ ಹಚ್ಚಿದರು. ೨೦೦೮ರ ಆರ್ಥಿಕ ಕುಸಿತದ ನಂತರ ಮದ್ಯದ ಖರ್ಚು ತಗ್ಗಿತು. ಹಲವು ಮದ್ಯಶಾಲೆಗಳು ಹಣ್ಣನ್ನು ಕೊಳ್ಳುವದನ್ನು ಕಡಿಮೆಮಾಡಿದವು. ಅನೇಕ ರೈತರು ಆ ಬಳ್ಳಿಗಳನ್ನು ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಿದರು. ಊರಿನ ಊಟದಲ್ಲಿ ಬೇರೂರದ ಪದಾರ್ಥವು ಕಷ್ಟದ ಕಾಲದಲ್ಲಿ ಮೊದಲು ಬಿಟ್ಟುಹೋಗುವ ಪದಾರ್ಥವಾಗುವದು. ಜೋಳದ ರೊಟ್ಟಿಯನ್ನು ಯಾರೂ ಆರ್ಥಿಕ ಕುಸಿತದ ಸಲುವಾಗಿ ಬಿಡಲಿಲ್ಲ.

ಇಲ್ಲಿ ಒಂದು ದೊಡ್ಡ ಆಕ್ಷೇಪವು ಬರುವದು. ಅದು ನ್ಯಾಯವಾದದ್ದೂ ಆಗಿದೆ. ಕೂಡಲಸಂಗಮದ ನೆರೆಯ ಈ ಸೀಮೆಯಲ್ಲಿ ಕುಡಿತವನ್ನು ಮುಟ್ಟದ ಮನೆಗಳು ಬಹಳ. ಕುಡಿತದಿಂದ ಹಾಳಾದ ಮನೆಗಳೂ ಕಡಿಮೆಯಿಲ್ಲ. ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಯತ್ನಿಸಬೇಕೆಂದು ಸಂವಿಧಾನದ ೪೭ನೆಯ ಅನುಚ್ಛೇದವು ಹೇಳುತ್ತದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸ್ಪಷ್ಟಪಡಿಸಿತು. ಊಟದೊಡನೆ ಕುಡಿದರೆ ಕೇಡಿಲ್ಲ ಎಂಬ ಹಳೆಯ ಮಾತಿಗೆ ಈಗ ಆಧಾರವಿಲ್ಲ. ಮದ್ಯವನ್ನು ಮುಟ್ಟದ ಮನೆಯನ್ನು ಮುಟ್ಟುವಂತೆ ಮಾಡುವದು ಒಕ್ಕಲುತನದ ಏಳಿಗೆಯ ಮಾರ್ಗವಾಗಲಾರದು. ಈ ಮಾತನ್ನು ಒಪ್ಪಿಕೊಂಡೇ ರೈತನು ಲೆಕ್ಕ ಹಾಕತಕ್ಕದ್ದು: ಈ ಸೀಮೆಯಲ್ಲಿ ವೈನಿನ ಗಿರಾಕಿಯು ಎಂದಿಗೂ ಕೆಲವರೇ; ಅವರಲ್ಲಿ ಬಹಳ ಮಂದಿ ಪ್ರವಾಸಿಕರು ಮತ್ತು ಪಟ್ಟಣದವರು. ಅವರ ಸಂಖ್ಯೆಗೆ ತಕ್ಕಷ್ಟೇ ಬಳ್ಳಿಯನ್ನು ಹಚ್ಚತಕ್ಕದ್ದು. ಸೀಮೆಯೆಲ್ಲ ವೈನಿನ ತೋಟವಾಗುವದೆಂಬ ಮಾತನ್ನು ನಂಬತಕ್ಕದ್ದಲ್ಲ. ಮದ್ಯವಾಗದೆಯೂ ದ್ರಾಕ್ಷಿಯು ಈ ಊಟದಲ್ಲಿ ಈಗಾಗಲೇ ಸ್ಥಾನ ಪಡೆದಿದೆ. ಕರದಂಟಿನಲ್ಲಿ ಒಣದ್ರಾಕ್ಷಿಯುಂಟು, ಹಬ್ಬದ ಪಾಯಸದಲ್ಲಿಯೂ ಉಂಟು. ಆ ಬಾಗಿಲನ್ನು ಅಗಲಮಾಡುವದು ಹೆಚ್ಚು ಮನೆಗಳಿಗೆ ಹಿತವಾದದ್ದು.

ಆದದರಿಂದ ಕೆಲವು ಮಾತುಗಳನ್ನು ದ್ರಾಕ್ಷಿಗಾರರು ಮನಸ್ಸಿನಲ್ಲಿಡುವದು ಒಳ್ಳೆಯದು. ವೈನಿನ ಜಾತಿಯನ್ನು ಹಚ್ಚುವ ಮೊದಲು ಮದ್ಯಶಾಲೆಯವರಿಂದ ಲಿಖಿತ ಕರಾರನ್ನು ಪಡೆಯಬೇಕು. ಅದರಲ್ಲಿ ಎಷ್ಟು ವರ್ಷ ಕೊಳ್ಳುವರು, ಸಕ್ಕರೆಯ ಯಾವ ಅಂಶಕ್ಕೆ ಯಾವ ದರವು, ಯಾವ ದೋಷಕ್ಕಾಗಿ ಹಣ್ಣನ್ನು ತಿರಸ್ಕರಿಸಬಹುದು, ಹಣವನ್ನು ಯಾವ ತಾರೀಖಿನೊಳಗೆ ಕೊಡಬೇಕು, ಆಣಿಕಲ್ಲು ಇಲ್ಲವೆ ಅಕಾಲದ ಮಳೆ ಬಿದ್ದರೆ ನಷ್ಟವು ಯಾರಿಗೆ, ಸಾಗಣೆಯ ಖರ್ಚು ಯಾರದು ಎಂಬದೆಲ್ಲ ಬರೆದಿರಬೇಕು. ಹುಳಿಯ ಸಲುವಾಗಿ ಬೇಗ ಕೊಯ್ಯಬೇಕೆಂದು ಮದ್ಯಶಾಲೆಯವರು ಹೇಳಿದರೆ ತೂಕವೂ ಸಕ್ಕರೆಯೂ ಕಡಿಮೆಯಾಗುವವು. ಆ ಕೊರತೆಯನ್ನು ದರದಲ್ಲಿ ತುಂಬಿಕೊಡುವ ಮಾತು ಕರಾರಿನಲ್ಲಿರಬೇಕು. ಕರಾರು ಇದ್ದಾಗ್ಯೂ ಇಡಿಯ ತೋಟವನ್ನು ಒಂದೇ ಬಾಗಿಲಿನ ಬೆಳೆಗೆ ಒಪ್ಪಿಸುವದು ಜಾಣತನವಲ್ಲ.

ಮದ್ಯಶಾಲೆಯವರು ಮತ್ತು ವೈನು ಮಂಡಳಿಯವರು ಮಾಡತಕ್ಕ ಕೆಲಸವೂ ಉಂಟು. ೨೦೦೮ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ಸೀಮೆಯ ನಡುವೆಯೇ ಇದೆ. ಯಾವ ಜಾತಿಯು ಎಷ್ಟು ಟನ್ ಕೊಡುವದೆಂಬ ಪರೀಕ್ಷೆಯ ಜೊತೆಗೇ, ಯಾವ ಜಾತಿಯ ಮದ್ಯವು ಎಣಗಾಯಿಗೆ ಒಪ್ಪುವದು, ಯಾವದು ಝುಣಕಕ್ಕೆ ಒಪ್ಪುವದು ಎಂಬ ರುಚಿಯ ಪರೀಕ್ಷೆಯನ್ನೂ ಅಲ್ಲಿ ನಡೆಸಬಹುದು. ರೊಟ್ಟಿ ಬಡಿಯುವ ಹೆಂಗಸರೇ ಆ ಪರೀಕ್ಷೆಗೆ ಅಡಿಗೆಯನ್ನು ಮಾಡಬೇಕು. ಅದಕ್ಕೆ ತಕ್ಕ ಕೂಲಿಯನ್ನೂ ಪಡೆಯಬೇಕು. ಪ್ರವಾಸಿಕರು ಇಳಿದುಕೊಳ್ಳುವ ಬಾದಾಮಿಯ ಹೋಟೇಲುಗಳಲ್ಲಿ ಈ ಸೀಮೆಯ ಮದ್ಯವನ್ನು ಮಾರುವದಾದರೆ, ಅದರ ಜೊತೆಗೆ ಹುನಗುಂದದ ಜೋಳ, ಅಮೀನಗಡದ ಕರದಂಟು, ಊರಿನ ಆಡಿನ ಹಾಲು ಇವುಗಳಿಗೂ ಗಿರಾಕಿ ದೊರೆಯಬೇಕು. ಆಗ ಒಂದು ಶೀಸೆಯ ಹಿಂದೆ ನಾಲ್ಕು ಮನೆಗಳು ಬದುಕುವವು. ಶೀಸೆಯನ್ನು ಮುಟ್ಟದವರಿಗೂ ಅದರ ಪ್ರಯೋಜನವು ತಲುಪುವದು.

ಶಾವಿನ್ಯೋಲದ ಆಡು, ಗಿಣ್ಣ, ಬಳ್ಳಿಗಳ ಕಥೆಯ ಸಾರವು ಇಷ್ಟೇ. ಆ ಊರಿನವರು ಮದ್ಯವನ್ನು ಮಾಡಿ ಊಟವನ್ನು ಹುಡುಕಲಿಲ್ಲ. ಊಟವಿದ್ದ ಮನೆಯಲ್ಲಿ ಮದ್ಯವನ್ನು ಮಾಡಿದರು. ಬಾಗಲಕೋಟೆಯ ಸೀಮೆಯಲ್ಲಿ ಊಟವು ಈಗಾಗಲೇ ಇದೆ. ಅದು ಸಾವಿರ ವರ್ಷಗಳಿಗಿಂತ ಹಳೆಯ ನಾಡಿನ ಊಟವು. ಹೊಸ ಬಳ್ಳಿಯು ಆ ಊಟದ ಮುಂದೆ ವಿನಯದಿಂದ ಕೂತು ತನ್ನ ಪಾಲನ್ನು ಕೇಳಲಿ. ದೊರೆತರೆ ದೊರೆತಷ್ಟನ್ನೇ ನೆಚ್ಚಿ ರೈತನು ಬಳ್ಳಿಯನ್ನು ಹಚ್ಚಲಿ. ದೊರೆಯದಿದ್ದರೆ ಒಣದ್ರಾಕ್ಷಿಯ ಅಟ್ಟವು ಇದ್ದೇ ಇದೆ.